ಚಕ್ಕುಬಂದಿಯಲ್ಲಿ ಹಳ್ಳ ಕಾಣುವುದಿಲ್ಲ, ಎನ್.ಎ. ಕಾಗದದಲ್ಲಿ ಗಣಿ ಕಾಣುವುದಿಲ್ಲ

"ಎನ್.ಎ. ಆಗ್ಯಾದ್ರೀ. ಇ-ಖಾತಾ ಅದ. ಪೂರ್ವಕ್ಕ ಬಾಗಿಲು ಬರ್ತದ, ಮುಂದ ಮೂವತ್ತು ಫೂಟ್ ರೋಡ್. ಇನ್ನೇನ್ ಬೇಕ್ರೀ?"

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿಗೆ ಹೋದರೂ ಪ್ಲಾಟ್ ಮಾರುವ ದಲಾಲಿಗಳ ಬಾಯಲ್ಲಿ ಇದೇ ಮಾತು. ಕೊಳ್ಳುವವರೂ ಇಷ್ಟೇ ಕೇಳಿ ತಲೆ ಆಡಿಸುತ್ತಾರೆ. ಇನ್ನೇನು ಬೇಕು ಎಂದರೆ, ನಾವು ಹೇಳುತ್ತೇವೆ. ಕಾಗಿಣಾ ನೀರು ಎಲ್ಲಿಯ ತನಕ ಏರುತ್ತದೆ ಗೊತ್ತಾಗಬೇಕು. ಸುಣ್ಣದ ಕಲ್ಲಿನ ಗಣಿಯ ಲೀಸು ಎಲ್ಲಿಗೆ ಮುಗಿಯುತ್ತದೆ ಗೊತ್ತಾಗಬೇಕು. ಯಾವ ತಿಂಗಳು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಗೊತ್ತಾಗಬೇಕು. ಈ ಮೂರನ್ನೂ ಖರೀದಿ ಪತ್ರದಲ್ಲಿ ಯಾರೂ ಬರೆಯುವುದಿಲ್ಲ.

ಎನ್.ಎ. ಅಂದರೆ ಏನು? 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಹೊಲವನ್ನು ಬೇಸಾಯ ಬಿಟ್ಟು ಬೇರೆ ಕೆಲಸಕ್ಕೆ ಬಳಸಲು ಕೊಡುವ ಪರವಾನಗಿ, ಅಷ್ಟೇ. ಇ-ಖಾತಾ ಆ ಜಾಗ ಯಾರದು ಎಂದು ಹೇಳುತ್ತದೆ. ಚಕ್ಕುಬಂದಿ ಮೂಡಣಕ್ಕೆ ಯಾರ ಪ್ಲಾಟು, ಪಡುವಣಕ್ಕೆ ಯಾರ ಪ್ಲಾಟು ಎಂದು ಹೇಳುತ್ತದೆ. ಆ ನಾಲ್ಕು ಪ್ಲಾಟುಗಳ ಜೊತೆ ನಿಮ್ಮದೂ ಮುಳುಗುತ್ತದೆಯೇ ಎಂದು ಮಾತ್ರ ಯಾವ ಕಾಗದವೂ ಹೇಳುವುದಿಲ್ಲ. ಮುಂಗಡಕ್ಕೆ ನಮ್ಮ ಕಡೆ ಸಂಚಕಾರ ಅನ್ನುತ್ತಾರೆ. ಅಪಾಯಕ್ಕೂ ಅದೇ ಶಬ್ದ ಇದೆ. ಎರಡನ್ನೂ ಒಂದೇ ದಿನ ಮನೆಗೆ ತಂದುಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ.

ಮೊದಲು ನೀರಿನ ಮಾತು. 2020ರ ಅಕ್ಟೋಬರ್ ನಡುವೆ ಕಾಗಿಣಾ ಏರಿ ಮಳಖೇಡದ ಸೇತುವೆ, ದಂಡೋತಿ ಸೇತುವೆ ಮುಳುಗಿದ್ದು ನಿಮಗೆ ನೆನಪಿರಬೇಕು. 2025ರ ಸೆಪ್ಟೆಂಬರ್ ಕೊನೆಗೂ ಮತ್ತೆ ಹೊಳೆ ಬಂತು. ಆದರೂ ಪ್ಲಾಟ್ ನೋಡಲು ನಾವು ಹೋಗುವುದು ಜನವರಿಯಿಂದ ಮೇ ಒಳಗೆ. ಸುಗ್ಗಿ ಮುಗಿದು ತೊಗರಿ ಮಾರಿದ ದುಡ್ಡು ಕೈಯಲ್ಲಿರುತ್ತದೆ, ಹಳ್ಳ ಒಣಗಿ ಹುಡುಗರು ಅದರಲ್ಲೇ ಕ್ರಿಕೆಟ್ ಆಡುತ್ತಿರುತ್ತಾರೆ. ಆಗ ಎಲ್ಲ ಜಾಗವೂ ಚಂದವೇ.

ಕಾಗಿಣಾದ ಇನ್ನೊಂದು ಗುಣ ತಿಳಿದಿರಲಿ. ಈ ಹೊಳೆ ತೆಲಂಗಾಣದ ತಾಂಡೂರು ಕಡೆಯಿಂದ ಬರುತ್ತದೆ. ಅಲ್ಲಿ ಜಡಿ ಮಳೆ ಹಿಡಿದರೆ ಸೇಡಂ ತಾಲ್ಲೂಕಿನಲ್ಲಿ ಹನಿ ಬೀಳದಿದ್ದರೂ ನೀರು ಏರುತ್ತದೆ. ಚಿಂಚೋಳಿಯ ಮುಲ್ಲಾಮಾರಿ, ಈಚೆಯ ಬೆಣ್ಣೆತೊರಾ, ಸೇಡಂ ಪಕ್ಕದ ಕಮಲಾವತಿ ಎಲ್ಲವೂ ಕೊನೆಗೆ ಬಂದು ಸೇರುವುದು ಇದಕ್ಕೇ. ಮೇಲೆ ಜಲಾಶಯ ತುಂಬಿ ಗೇಟು ತೆಗೆದರೆ ಆ ನೀರೂ ಇಲ್ಲಿಗೇ. ಇಷ್ಟನ್ನೂ ಹೊತ್ತು ಕಾಗಿಣಾ ಹೊನಗುಂಟಾ ಹತ್ತಿರ ಭೀಮೆಗೆ ಸೇರಬೇಕು. ಭೀಮೆಯೇ ತುಂಬಿ ನಿಂತಿದ್ದರೆ ಕಾಗಿಣಾ ನೀರಿಗೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ಒತ್ತಿಕೊಂಡು ಬರುತ್ತದೆ. ಹಾಗಾಗಿ ಶಹಾಬಾದ್ ಕಡೆಯ ತಗ್ಗಿನ ಜಾಗದಲ್ಲಿ ಮನೆ ಕೊಳ್ಳುವವರು ಉಜನಿ ಜಲಾಶಯದ ಸುದ್ದಿಯನ್ನೂ ಕೇಳಬೇಕಾಗುತ್ತದೆ. ಅದು ಮಹಾರಾಷ್ಟ್ರದಲ್ಲಿದೆ, ಆದರೆ ಅದರ ನೀರು ಬರುವುದು ನಮ್ಮ ಕಡೆಗೇ.

ಈಗ ಮಾಡಬೇಕಾದ್ದು. ಲೇಔಟಿನವರನ್ನು ಕೇಳಬೇಡಿ, ಪಕ್ಕದ ಹೊಲದ ರೈತನನ್ನು ಕೇಳಿ. "ಹೊಳಿ ಬಂದಾಗ ನೀರು ಎಲ್ಲಿಗೆ ಬಂದಿತ್ತು ತೋರಿಸ್ರಿ" ಅಂದರೆ ಅವರು ಗಿಡ, ಬದು, ಗುಡಿಯ ಮೆಟ್ಟಿಲು ತೋರಿಸುತ್ತಾರೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಹಳ್ಳದ ಗೆರೆ ಇರುತ್ತದೆ. ದಿಶಾಂಕ್ ಆ್ಯಪ್ ಹಾಕಿಕೊಂಡು ಪ್ಲಾಟಿನ ಮೇಲೆ ನಿಂತರೆ ಕಾಲಡಿಯ ಸರ್ವೆ ನಂಬರ್ ಗೊತ್ತಾಗುತ್ತದೆ. ಅದೇ ನಂಬರಿನ ಪಹಣಿ ತೆಗೆಸಿ, ಬಿ-ಖರಾಬ್ ಎಷ್ಟು ಇದೆ ನೋಡಿ. ಹಳ್ಳ, ಬಂಡಿದಾರಿಗೆ ಬಿಟ್ಟ ಜಾಗ ಅದು. ನಕ್ಷೆಯಲ್ಲಿ ಹಳ್ಳವಿದ್ದು ಲೇಔಟಿನಲ್ಲಿ ಅದು ಕಾಣದಿದ್ದರೆ, ಹಳ್ಳ ಎಲ್ಲೂ ಹೋಗಿಲ್ಲ, ಮುರುಮಿನ ಕೆಳಗೆ ಇದೆ.

ಇನ್ನು ಗಣಿ. ನಮ್ಮ ಸಿಟ್ಟು ಹೆಚ್ಚು ಇರುವುದು ಇಲ್ಲಿಯೇ.

ನೆಲದಡಿ ಸುಣ್ಣದ ಕಲ್ಲು ಇರುವುದರಿಂದಲೇ ಈ ಐದೂ ಊರಿನ ಸುತ್ತ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ವಾಡಿಯ ಎ.ಸಿ.ಸಿ. ಹೆಸರು ದೇಶಕ್ಕೇ ಗೊತ್ತು. ಶಹಾಬಾದ್ ಕಲ್ಲು ಊರಿನ ಹೆಸರನ್ನು ಮನೆಮನೆಯ ನೆಲಕ್ಕೆ ಹಾಸಿದೆ. ಇವು ನಮಗೆ ಅನ್ನ ಕೊಟ್ಟಿಲ್ಲ ಎಂದು ನಾವು ಹೇಳುವುದಿಲ್ಲ. ನಮ್ಮ ಬಳಗದಲ್ಲೇ ಗಣಿ ಕೂಲಿಯವರ ಮಕ್ಕಳಿದ್ದಾರೆ. ಆದರೆ ಪ್ಲಾಟ್ ಕೊಳ್ಳುವಾಗ ಜನ ಕೇಳುವ ಪ್ರಶ್ನೆಯೇ ತಪ್ಪು. "ಗಣಿ ಎಷ್ಟು ದೂರ ಅದ?" ಎಂದು ಕೇಳುತ್ತಾರೆ. "ಎರಡು ಕಿಲೋಮೀಟರ್" ಎಂದು ಉತ್ತರ ಬರುತ್ತದೆ. ಅದು ಸುಳ್ಳಲ್ಲ. ಇವತ್ತು ಎರಡು ಕಿಲೋಮೀಟರ್. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಸುಣ್ಣದ ಕಲ್ಲಿನಂಥ ಖನಿಜದ ಹೊಸ ಲೀಸು 50 ವರ್ಷಕ್ಕೆ. ನಿಮ್ಮ ಮನೆ ಸಾಲ 20 ವರ್ಷಕ್ಕೆ ಮುಗಿಯುತ್ತದೆ. ಗಣಿ ನಿಂತಲ್ಲೇ ನಿಲ್ಲುವುದಿಲ್ಲ, ಲೀಸಿನ ಗಡಿ ಮುಟ್ಟುವ ತನಕ ನಡೆಯುತ್ತಲೇ ಇರುತ್ತದೆ. ಕೇಳಬೇಕಾದ್ದು ಗುಂಡಿ ಎಲ್ಲಿದೆ ಎಂದಲ್ಲ, ಲೀಸಿನ ಗಡಿ ಎಲ್ಲಿದೆ ಎಂದು.

ಆ ಗಡಿ ಗುಟ್ಟಿನ ವಿಷಯವೇನಲ್ಲ. ದೊಡ್ಡ ಗಣಿಗೆ ಪರಿಸರ ಅನುಮತಿ ಬೇಕು. 2006ರ ಅಧಿಸೂಚನೆ ಪ್ರಕಾರ ಅದಕ್ಕೆ ಮುಂಚೆ ವರದಿ ಮಾಡಿಸಬೇಕು, ಅದರ ಸಾರಾಂಶ ಕನ್ನಡದಲ್ಲೂ ಇರಬೇಕು, ಕರಡು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ, ಸ್ಥಳೀಯ ಪಂಚಾಯಿತಿ ಪುರಸಭೆಗಳಿಗೆ ಹೋಗಬೇಕು, ಜನರನ್ನು ಕರೆದು ಅಹವಾಲು ಸಭೆ ನಡೆಸಬೇಕು. ಸಾಮಾನ್ಯವಾಗಿ 10 ಕಿಲೋಮೀಟರ್ ಸುತ್ತಳತೆಯ ಊರುಗಳ ನೀರು, ಗಾಳಿ, ಸದ್ದು ಎಲ್ಲವನ್ನೂ ಅದರಲ್ಲಿ ಅಳೆದಿರುತ್ತಾರೆ. ಅಂದರೆ ನಿಮ್ಮ ಪ್ಲಾಟಿನ ಭವಿಷ್ಯ ಆಗಲೇ ಅಚ್ಚಾಗಿ ಕಪಾಟಿನಲ್ಲಿದೆ. ಒಂದು ಕಪಾಟಿನಲ್ಲಿ ಗಣಿ ವರದಿ, ಪಕ್ಕದ ಕಪಾಟಿನಲ್ಲಿ ಲೇಔಟ್ ಮಂಜೂರಿ ಫೈಲು. ಇದನ್ನು ಕಂಡೂ ಮಂಜೂರಿ ನಕ್ಷೆಯ ಮೇಲೆ ಲೀಸಿನ ಗೆರೆ ಎಳೆಯದ ಅಧಿಕಾರಿಗೆ "ಕೊಳ್ಳುವವರು ನೋಡಿಕೊಂಡು ಕೊಳ್ಳಬೇಕು" ಎಂದು ಉಪದೇಶ ಮಾಡುವ ಹಕ್ಕು ಎಲ್ಲಿಂದ ಬಂತು?

ಸ್ಫೋಟದ ವಿಷಯಕ್ಕೂ ಲೆಕ್ಕವಿದೆ. ಗಣಿ ಸುರಕ್ಷತೆಯ ಕೇಂದ್ರ ನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ಊರಿನ ಸಾಮಾನ್ಯ ಮನೆಗೆ ತಟ್ಟುವ ಕಂಪನ, ಅದರ ಆವರ್ತನ ನೋಡಿಕೊಂಡು, ಸೆಕೆಂಡಿಗೆ 5, 10 ಅಥವಾ 15 ಮಿಲಿಮೀಟರ್ ಮೀರಬಾರದು. ಗೋಡೆ ಬಿರುಕು ಬಿಟ್ಟ ಮೇಲೆ ಈ ಅಳತೆ ಕೇಳುವುದು ತಡವಾಯಿತು. ಕೊಳ್ಳುವ ಮುಂಚೆಯೇ ಒಂದು ಮಧ್ಯಾಹ್ನ ಅಲ್ಲಿ ಕೂತು ನೋಡಿ. ಸೈರನ್ ಕೇಳಿಸುತ್ತದೆಯೇ, ಪಾತ್ರೆ ಅಲುಗುತ್ತವೆಯೇ? ಅಕ್ಕಪಕ್ಕದ ಮನೆಯವರು ಒಳಗೆ ಕರೆದರೆ ಗೋಡೆ ಮೂಲೆ ನೋಡಿ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಯೂ ಬಿರುಕು ಬಿಡುತ್ತದೆ, ಆದ್ದರಿಂದ ಪಾಯ ಯಾವ ಮಣ್ಣಿನಲ್ಲಿದೆ ಎಂದೂ ಕೇಳಿ. ಶಹಾಬಾದ್, ಚಿತ್ತಾಪುರ ಕಡೆಯಾದರೆ ಇನ್ನೊಂದು ಪ್ರಶ್ನೆ ಬೇಕೇ ಬೇಕು: ಇದು ಹಳೆಯ ಕಲ್ಲಿನ ಖಣಿ ಮುಚ್ಚಿದ ಜಾಗವೇ? ಒಡೆದ ಫರಸಿ ಚೂರು, ಪಾಲಿಶ್ ರಾಡಿ ತುಂಬಿದ ನೆಲ ಒಂದೇ ಸಮ ಕೂರುವುದಿಲ್ಲ.

ಧೂಳಿನ ಬಗ್ಗೆ ಉದ್ದ ಬೇಡ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣ ಈಶಾನ್ಯದಿಂದ. ಶ್ರಾವಣದಲ್ಲಿ ಸ್ವಚ್ಛ ಕಂಡ ಓಣಿ ಪುಷ್ಯಮಾಸದಲ್ಲಿ ಬೂದು ಬಣ್ಣಕ್ಕೆ ತಿರುಗಬಹುದು. ಬೇವಿನ ಎಲೆ ಬೆರಳಿಂದ ಉಜ್ಜಿ ನೋಡಿ, ಪತ್ರಾಸಿನ ಮೇಲೆ ಇಬ್ಬನಿ ಬಿದ್ದು ಹೆಪ್ಪುಗಟ್ಟಿದ ಪದರ ಇದೆಯೇ ನೋಡಿ.

ಚಿಂಚೋಳಿಯವರು ಗಣಿ ದೂರ, ಹೊಳೆ ದೂರ ಎಂದು ನಿಶ್ಚಿಂತೆ ಇರುವಂತಿಲ್ಲ. 2021ರ ಅಕ್ಟೋಬರ್ 11ರ ರಾತ್ರಿ ಗಡಿಕೇಶ್ವಾರ ಸುತ್ತಮುತ್ತ ನೆಲ ನಡುಗಿತು. ತೀವ್ರತೆ 4.1. ಅದರ ಹಿಂದೆ ಮುಂದೆ ಸಣ್ಣ ಕಂಪನಗಳು ಎಷ್ಟೋ. ಜನ ಬಯಲಲ್ಲಿ ಮಲಗಿದರು, ಊರೇ ಬಿಟ್ಟು ಹೋದವರೂ ಇದ್ದರು. 1993ರ ಸೆಪ್ಟೆಂಬರ್ 30ರಂದು ಪಕ್ಕದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಸಾವಿರಾರು ಜನ ಸತ್ತದ್ದು ಹೆಚ್ಚಾಗಿ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಭಾರದ ಮಾಳಿಗೆ ಮೈಮೇಲೆ ಬಿದ್ದು. ನಮ್ಮ ಹಳೆ ಮನೆಗಳೂ ಹಾಗೇ ಇವೆ. ಹಳೆ ಮನೆ ಅಗ್ಗಕ್ಕೆ ಸಿಕ್ಕಿತು ಎಂದು ಕೊಳ್ಳುವಾಗ ಗೋಡೆಯ ಕಲ್ಲಿನ ನಡುವೆ ಸಿಮೆಂಟೋ ಮಣ್ಣೋ, ಗೋಡೆಗಳನ್ನು ಹಿಡಿದಿಡುವ ಕಾಂಕ್ರೀಟ್ ಪಟ್ಟಿ ಇದೆಯೋ ಇಲ್ಲವೋ ನೋಡಿ. ಸಿಮೆಂಟಿನ ನಾಡಿನಲ್ಲೇ ಕೂತು ಈ ಪಟ್ಟಿ ಹಾಕಿಸಲು ಜಿಪುಣತನ ಮಾಡುವುದು ನಮಗೆ ಇನ್ನೂ ಅರ್ಥವಾಗಿಲ್ಲ.

"ಇಷ್ಟೆಲ್ಲ ನೋಡುತ್ತ ಕೂತರೆ ಬಡವರು ಮನೆ ಕಟ್ಟುವುದು ಯಾವಾಗ?" ಎಂದು ಕೆಲವರು ನಮಗೇ ತಿರುಗಿ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ತಗ್ಗಿನ ಜಾಗ, ಗಣಿ ಬದಿಯ ಜಾಗ ಅಗ್ಗ. ಗುತ್ತಿಗೆ ಕೂಲಿಯವನ ಕೈಗೆ ಎಟಕುವುದೂ ಅದೇ. ಆದರೆ ಅಗ್ಗ ಯಾಕೆ ಎಂದು ಮಾರುವವನಿಗೆ ಗೊತ್ತಿರುತ್ತದೆ, ಕೊಳ್ಳುವವನಿಗೆ ಗೊತ್ತಿರುವುದಿಲ್ಲ. ಗೊತ್ತಿದ್ದರೆ ಪಾಯ ಎರಡು ಫೂಟ್ ಎತ್ತರಿಸುತ್ತಿದ್ದ, ಇಲ್ಲವೇ ಚೌಕಾಶಿ ಮಾಡಿ ದರ ಇಳಿಸುತ್ತಿದ್ದ.

ಆದ್ದರಿಂದ ಐದೂ ಊರಿನ ಪುರಸಭೆ ನಗರಸಭೆಗಳಿಗೆ, ತಹಶೀಲ್ದಾರರಿಗೆ ನಮ್ಮ ಬೇಡಿಕೆ ಒಂದೇ: ಮಂಜೂರಾದ ಪ್ರತಿ ಲೇಔಟ್ ನಕ್ಷೆಯ ಮೇಲೆ 2020ರ ನೀರಿನ ಗುರುತು ಮತ್ತು ಹತ್ತಿರದ ಗಣಿ ಲೀಸಿನ ಗಡಿ ಕೆಂಪು ಗೆರೆಯಲ್ಲಿ ಅಚ್ಚಾಗಲಿ, ಅದೇ ನಕ್ಷೆ ಲೇಔಟಿನ ಬಾಗಿಲ ಬೋರ್ಡಿನ ಮೇಲೆ ಇರಲಿ.

ಅದು ಆಗುವ ತನಕ ನೀವು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 10 ರೂಪಾಯಿ ಶುಲ್ಕ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಲಬುರಗಿ ಕಚೇರಿಗೆ ಹೀಗೆ ಬರೆಯಿರಿ: "ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಅಥವಾ ಅದರ ಗಡಿಗೆ ಹೊಂದಿ ಗಣಿ ಲೀಸು ಮಂಜೂರಾಗಿದೆಯೇ? ಆಗಿದ್ದರೆ ಲೀಸಿನ ನಕ್ಷೆಯ ಪ್ರತಿ ಮತ್ತು ಅವಧಿ ಮುಗಿಯುವ ದಿನಾಂಕ ಕೊಡಿ." 30 ದಿನದೊಳಗೆ ಉತ್ತರ ಕೊಡಬೇಕು. ಅಷ್ಟು ದಿನ ಕಾಯಲು ದಲಾಲಿ ಒಪ್ಪದಿದ್ದರೆ, "ಬ್ಯಾರೆ ಪಾರ್ಟಿ ನಿಂತಾರ್ರೀ" ಎಂದು ಅವಸರ ಮಾಡಿದರೆ, ಆ ಪಾರ್ಟಿಗೇ ಕೊಡಲು ಹೇಳಿ.