ಕೊನೆಗೆ ಹುಟ್ಟಿ ನಡುವೆ ಕುಳಿತವನು

ತಾರತಮ್ಯವೆಂಬ ಪದವು ‘ತರ’, ‘ತಮ’ ಎಂಬ ಎರಡು ಪ್ರತ್ಯಯಗಳಿಂದ ಹುಟ್ಟಿದ್ದು. ಇಬ್ಬರೇ ಇರುವಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಹಿರಿಯನೆಂದರೆ ಸಾಕು. ಮೂರನೆಯವನು ಬಂದೊಡನೆ ಅವನನ್ನು ಯಾವ ಮಣೆಯ ಮೇಲೆ ಕುಳ್ಳಿರಿಸಬೇಕೆಂಬ ಚಿಂತೆಯು ಮೊದಲಾಗುತ್ತದೆ. ಗೃಹಸ್ಥರ ಮನೆಗಳಲ್ಲಿ ಕಾಣುವ ಈ ಚಿಂತೆಯು ಮೋಟಾರು ಬಂಡಿಗಳನ್ನು ಮಾಡುವವರನ್ನೂ ಬಿಟ್ಟಿಲ್ಲ. ಜರ್ಮನಿಯ ಪೋರ್ಷೆ ಕಂಪೆನಿಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಆ ಮನೆಯಲ್ಲಿ ಹಿರಿಯಣ್ಣನ ಗೌರವವು ೯೧೧ ಎಂಬ ಬಂಡಿಗೆ ಸಲ್ಲುತ್ತದೆ. ೧೯೬೩ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಇದರ ಯಂತ್ರವಿರುವುದು ಹಿಂದಿನ ಚಕ್ರಗಳ ಅಚ್ಚಿಗಿಂತಲೂ ಹಿಂದೆ. ೧೯೯೬ರಲ್ಲಿ ಬಾಕ್ಸ್‌ಟರ್ ಎಂಬ ಕಿರಿಯನು ಬಂದನು. ಇದು ಛಾವಣಿಯನ್ನು ಮಡಚಿಡಬಹುದಾದ, ಇಬ್ಬರು ಕೂರುವ, ಅಗ್ಗದ ಬಂಡಿ. ಯಂತ್ರವು ಆಸನಗಳಿಗೂ ಹಿಂದಿನ ಅಚ್ಚಿಗೂ ನಡುವೆ. ಭಾರವು ಮಧ್ಯದಲ್ಲಿರುವುದರಿಂದ ತಿರುವುಗಳಲ್ಲಿ ಬಂಡಿಯು ಸುಲಭವಾಗಿ ಹೊರಳುತ್ತದೆ. ಆದರೆ ತೆರೆದ ಮೈಗೆ ಗಟ್ಟಿ ಛಾವಣಿಯ ಬಿಗಿಯಿಲ್ಲ. ಆದಕಾರಣ ಅಣ್ಣನ ಪದವಿಗೆ ಆತಂಕವಿರಲಿಲ್ಲ.

೨೦೦೫ರಲ್ಲಿ ಕೇಮನ್ ಎಸ್ ಎಂಬ ಕೂಪೆಯು ಹೊರಟಿತು. ಕೂಪೆಯೆಂದರೆ ಸ್ಥಿರವಾದ ಛಾವಣಿಯುಳ್ಳ ಎರಡು ಬಾಗಿಲಿನ ಬಂಡಿ. ಬಾಕ್ಸ್‌ಟರಿನ ಅಡಿಗಟ್ಟಿನ ಮೇಲೆಯೇ ಛಾವಣಿಯನ್ನು ಕೂಡಿಸಿದ್ದರಿಂದ ಮೈ ಬಿಗಿಯಾಯಿತು. ತೂಕದಲ್ಲಿಯೂ ಅದು ೯೧೧ಕ್ಕಿಂತ ಹಗುರವಾಗಿತ್ತು. ಈಗ ಸಮಸ್ಯೆಯುಂಟಾಯಿತು. ಕಿರಿಯನಿಗೆ ಪೂರ್ಣ ಬಲವನ್ನು ಕೊಟ್ಟರೆ ಅಣ್ಣನನ್ನು ಮೀರಿಸಬಹುದು. ಆಗ ಹೆಚ್ಚು ಹಣ ತೆತ್ತು ಅಣ್ಣನನ್ನು ಕೊಳ್ಳುವವರಾರು?

ಕಂಪೆನಿಯವರು ಕಂಡ ಉಪಾಯವು ಅಂಕೆಗಳಲ್ಲಿಯೇ ಸ್ಪಷ್ಟವಾಗಿದೆ. ಆಗಿನ ಬಾಕ್ಸ್‌ಟರ್ ಎಸ್‌ಗೆ ೨೮೦ ಅಶ್ವಶಕ್ತಿ, ೯೧೧ ಕರೇರಾಕ್ಕೆ ೩೨೫. ಕೇಮನ್ ಎಸ್‌ಗೆ ಕೊಟ್ಟದ್ದು ೨೯೫. ಬೆಲೆಯೂ ಹಾಗೆಯೇ ಎರಡರ ನಡುವೆ. ಛಾವಣಿಯನ್ನು ಮಡಚುವ ಯಂತ್ರೋಪಕರಣದ ವೆಚ್ಚವಿರುವುದರಿಂದ ತೆರೆದ ಬಂಡಿಗೆ ಹೆಚ್ಚು ಬೆಲೆಯಿಡುವುದು ಲೋಕರೂಢಿ; ಇಲ್ಲಿ ಮುಚ್ಚಿದ ಬಂಡಿಗೇ ಹೆಚ್ಚು ಬೆಲೆ! ೨೦೧೬ರಲ್ಲಿ ಇಬ್ಬರು ಕಿರಿಯರಿಗೂ ೭೧೮ ಎಂಬ ಅಂಕಿತವನ್ನಿಟ್ಟಾಗ ಅದೇ ಕಂಪೆನಿಯು ಈ ಕ್ರಮವನ್ನು ತಿರುಗಿಸಿ, ಕೇಮನನ್ನು ಬಾಕ್ಸ್‌ಟರಿಗಿಂತ ಕೆಳಗಿರಿಸಿತು. ಬಂಡಿಯ ಗುಣ ಕುಂದಿತೆಂದಲ್ಲ, ಮಣೆ ಮಾತ್ರ ಬದಲಾಯಿತು.

ಹೀಗೆ ಕಿರಿಯನ ಕೈಕಟ್ಟುವುದು ನ್ಯಾಯವೆ? ಕಂಪೆನಿಯ ಪಕ್ಷದಲ್ಲಿಯೂ ಹೇಳತಕ್ಕ ಮಾತುಂಟು. ಮನೆಯ ಹೆಸರನ್ನು ದಶಕಗಳ ಕಾಲ ಹೊತ್ತವನು ಹಿರಿಯನು. ಅವನ ಮಾನ ಹೋದರೆ ಕಿರಿಯನ ಅನ್ನಕ್ಕೂ ಸಂಚಕಾರ. ಆದರೂ ಸಾಮರ್ಥ್ಯವನ್ನು ಬಹುಕಾಲ ಮುಚ್ಚಿಡಲಾಗದು. ೨೦೧೫ರಲ್ಲಿ ಅಣ್ಣನದೇ ೩.೮ ಲೀಟರಿನ ಯಂತ್ರವನ್ನು ತಮ್ಮನಿಗೆ ಕೂಡಿಸಿ ಕೇಮನ್ ಜಿಟಿ೪ ಎಂಬುದನ್ನು ಹೊರತಂದರು. ಅಣ್ಣನಲ್ಲಿ ೪೦೦ ಅಶ್ವಶಕ್ತಿಯುಳ್ಳ ಆ ಯಂತ್ರಕ್ಕೆ ತಮ್ಮನಲ್ಲಿ ೩೮೫! ಹದಿನೈದರ ಅಂತರವನ್ನು ಮರ್ಯಾದೆಗಾಗಿ ಉಳಿಸಿಕೊಂಡರೆಂದೇ ನಮಗೆ ತೋರುತ್ತದೆ. ೨೦೨೫ರಲ್ಲಿ ಪೆಟ್ರೋಲಿನ ಕೇಮನ್ ಬಂಡಿಗಳ ತಯಾರಿಕೆಯು ನಿಂತಿತು; ೯೧೧ ಮಾತ್ರ ತನ್ನ ಪೀಠದಲ್ಲಿಯೇ ಇದೆ.

ಇಂತಹ ಬಂಡಿಗಳನ್ನು ಕೊಳ್ಳುವವರು ನಮ್ಮ ವಾಚಕರಲ್ಲಿ ವಿರಳ. ಆದರೂ ಅಂಗಡಿಯಲ್ಲಿ ಉತ್ತಮ, ಮಧ್ಯಮ, ಸಾಮಾನ್ಯವೆಂದು ಸಾಲಾಗಿಟ್ಟ ವಸ್ತುಗಳನ್ನು ಕಾಣದವರಿಲ್ಲ. ಆ ಸಾಲನ್ನು ಜೋಡಿಸಿದವನು ಮಾರುವವನು. ಅವನ ಲೆಕ್ಕ ಅವನಿಗೆ. ವಸ್ತುವು ಎಷ್ಟನೆಯದೆಂದು ಕೇಳುವ ಮೊದಲು ಎಂತಹುದೆಂದು ನೋಡುವುದು ಕೊಳ್ಳುವವನ ಧರ್ಮ. ಮನೆಯ ಮಕ್ಕಳ ವಿಷಯದಲ್ಲಂತೂ ಈ ಎಚ್ಚರವು ಇನ್ನೂ ಅವಶ್ಯ. ಹಿರಿಯನನ್ನು ಗೌರವಿಸೆಂದು ಕಿರಿಯನಿಗೆ ಕಲಿಸಬೇಕಾದದ್ದೇ. ಅದಕ್ಕಾಗಿ ಅವನ ಓಟವನ್ನು ಕುಂಠಿಸಬೇಕಾದದ್ದಿಲ್ಲ.