ಸೈನೈಡ್ ದಿಬ್ಬಗಳಿಗೆ ಹಸುರು ಹೊದಿಕೆ

ಕೋಲಾರದ ಗಣಿಗಳನ್ನು ಕುರಿತು ಬರೆಯುವವರು ಅಲ್ಲಿಂದ ಹೊರಟ ಚಿನ್ನದ ಲೆಕ್ಕವನ್ನು ತಪ್ಪದೆ ಕೊಡುತ್ತಾರೆ. ಅಲ್ಲಿಯೇ ಉಳಿದ ಪುಡಿಯ ಲೆಕ್ಕವನ್ನು ಕೇಳುವವರು ವಿರಳ. ಜಾನ್ ಟೇಲರ್ ಕಂಪೆನಿಯು 1880ರಲ್ಲಿ ಕೈಗೊಂಡ ಕೆಲಸವು 2001ರಲ್ಲಿ ನಿಂತಿತು. ದೊರೆತ ಚಿನ್ನ ಸುಮಾರು 800 ಟನ್ನು. ಬಿದ್ದಿರುವ ಪುಡಿ 3 ಕೋಟಿ ಟನ್ನಿಗೂ ಮಿಗಿಲು. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿ, ಮಿಕ್ಕುದನ್ನು ಪಕ್ಕದಲ್ಲಿಯೇ ಸುರಿದರು. ಊರಿನವರು ಅವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಗಾಳಿಯೆದ್ದರೆ ಅದರ ಧೂಳು ಮನೆಗಳನ್ನು ಹೊಗುತ್ತದೆ. ಮಳೆ ಹೊಯ್ದರೆ ಅದರ ಹೂಳು ತಗ್ಗಿನ ನೆಲಕ್ಕೆ ಇಳಿಯುತ್ತದೆ.

ಗಿಡ ನೆಟ್ಟರೆ ಸರಿಹೋದೀತೆಂದು ಹೇಳುವುದು ಸುಲಭ. ಆ ಮಾತು ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ಈ ಪುಡಿ ಮಣ್ಣೇ ಅಲ್ಲ. ಇದರಲ್ಲಿ ಸತ್ವವಿಲ್ಲ, ಸಾರಜನಕವಿಲ್ಲ, ಮಣ್ಣನ್ನು ಮಣ್ಣಾಗಿಸುವ ಸೂಕ್ಷ್ಮಜೀವಿಗಳಿಲ್ಲ. ಆದುದರಿಂದ ಗುಂಡಿಗೆ ಒಳ್ಳೆಯ ಮಣ್ಣನ್ನೂ ಗೊಬ್ಬರವನ್ನೂ ತುಂಬಬೇಕು. ಮೊದಲು ಹುಲ್ಲನ್ನು ಹಿಡಿಸಬೇಕು. ಅನಂತರ ಬೇರುಗಂಟುಗಳಿಂದ ಸಾರಜನಕವನ್ನು ಕೂಡಿಸುವ ಹೊಂಗೆಯಂಥ ಗಟ್ಟಿ ಜಾತಿಯ ಮರಗಳನ್ನು ಬೆಳೆಸಬೇಕು. ಬೇರು ಪುಡಿಯನ್ನು ಬಿಗಿಹಿಡಿಯುತ್ತದೆ, ಕೊಂಬೆ ಗಾಳಿಯನ್ನು ತಡೆಯುತ್ತದೆ, ಉದುರಿದ ಎಲೆ ಮೆಲ್ಲಮೆಲ್ಲನೆ ಮಣ್ಣಾಗುತ್ತದೆ.

ಸೈನೈಡ್ ಗಾಳಿ ಬಿಸಿಲುಗಳಿಗೆ ಕಾಲಕ್ರಮದಲ್ಲಿ ಕರಗೀತು. ಅದಿರಿನೊಡನೆ ಬಂದ ಭಾರಲೋಹಗಳು ಕರಗುವುವಲ್ಲ. ಮರವು ಅವನ್ನು ಇಲ್ಲವಾಗಿಸುವುದಿಲ್ಲ, ಇದ್ದಲ್ಲಿಯೇ ಅಡಗಿಸಿಡುತ್ತದೆ. ಸ್ವಲ್ಪಾಂಶ ಎಲೆಗೂ ಏರಬಹುದು. ಆದಕಾರಣ ಅಲ್ಲಿ ಹಣ್ಣಿನ ಮರಗಳು ಸಲ್ಲವು, ದನಗಳ ಮೇವೂ ಸಲ್ಲದು.

ಈಗ ಮತ್ತೊಂದು ಪ್ರಶ್ನೆ ಎದ್ದಿದೆ. ಸುಮಾರು 1,000 ಎಕರೆಯಲ್ಲಿರುವ 13 ದಿಬ್ಬಗಳಿಂದ ಅಳಿದುಳಿದ ಚಿನ್ನವನ್ನು ತೆಗೆಯುವ ಯೋಜನೆಗೆ ರಾಜ್ಯ ಸಚಿವ ಸಂಪುಟವು 2024ರಲ್ಲಿ ಒಪ್ಪಿಗೆಯಿತ್ತಿತು. ಚಿನ್ನ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಎರಡನೆಯ ಸಲ ಜರಡಿಯಾಡಿದ ಪುಡಿಯನ್ನು ಮತ್ತೆ ಬತ್ತಲೆಯಾಗಿ ಬಿಟ್ಟುಹೋಗಲು ಯಾರಿಗೂ ಅಧಿಕಾರವಿರಕೂಡದು. ದಿಬ್ಬವನ್ನು ಕೆದಕುವವನು ಹೊದಿಕೆಯ ವೆಚ್ಚವನ್ನು ಮುಂಗಡವಾಗಿಯೇ ಇಡಲಿ; ಕೆದಕದ ದಿಬ್ಬಗಳಲ್ಲಿ ನೆಡುವ ಕೆಲಸ ಈಗಲೇ ಮೊದಲಾಗಲಿ. ಪರಿಸರ ದಿನದಂದು ನೆಟ್ಟ ಸಸಿಗಳ ಸಂಖ್ಯೆಯನ್ನಲ್ಲ, ಐದನೆಯ ಬೇಸಗೆಯನ್ನು ದಾಟಿ ಬದುಕಿದ ಮರಗಳ ಸಂಖ್ಯೆಯನ್ನು ಸರ್ಕಾರವು ಪ್ರಕಟಿಸಲಿ.

ನೀರು ಕಡಮೆಯಾದ ಆ ಸೀಮೆಯಲ್ಲಿ ಇದು ಕಷ್ಟದ ಕೆಲಸವೇ ಸರಿ. ಆದರೆ 120 ವರ್ಷ ಆ ನೆಲವನ್ನು ಅಗೆದುಕೊಂಡ ನಾಡು, ಹತ್ತು ವರ್ಷ ಅದಕ್ಕೆ ನೀರೆರೆಯಲಾರದೆ?