ಕಾರಿನ ಹೆಸರಿಗಾಗಿ ನಿಂತುಹೋದ ಸಲಾಮ್

ಜಡಿಗೇನಹಳ್ಳಿ ಹೋಬಳಿಯ ಇಬ್ಬರು ಯುವಕರು, ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವರು, ಪರಸ್ಪರ ಸಲಾಮ್ ಹೇಳುವುದನ್ನು ನಿಲ್ಲಿಸಿದ್ದಾರೆ. ಕಾರಣ ಆಸ್ತಿಯಲ್ಲ. ಒಬ್ಬನದು ಟೊಯೊಟಾ ಹೈರೈಡರ್, ಮತ್ತೊಬ್ಬನದು ಮಾರುತಿ ಸುಝುಕಿಯ ಗ್ರ್ಯಾಂಡ್ ವಿಟಾರಾ. ಯಾವುದು ಮುಂದೆ ಓಡುತ್ತದೆ ಎಂಬ ಪಂಥ ಜಗಳವಾಗಿ ಬೆಳೆಯಿತು. ವಿಪರ್ಯಾಸವೆಂದರೆ, 2022ರಲ್ಲಿ ಈ ಎರಡೂ ಕಾರುಗಳು ಹೊರಬಂದದ್ದು ನಮ್ಮ ಬಿಡದಿಯ ಒಂದೇ ಟೊಯೊಟಾ ಕಾರ್ಖಾನೆಯಿಂದ! ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಅಭಿಮಾನಿಗಳ ಕಾದಾಟವೂ ಇಂಥದ್ದೇ. ಅವೆರಡೂ ಒಂದೇ ಸಮೂಹದ ಕಂಪೆನಿಗಳು. ಮೇಲೆ ಲಾಭ ಹಂಚಿಕೆಯಾಗುತ್ತದೆ, ಕೆಳಗೆ ನಮ್ಮ ಮಕ್ಕಳು ಬೈಗುಳ ಹಂಚಿಕೊಳ್ಳುತ್ತಾರೆ.

ಇಂಥ ಸಂದರ್ಭದಲ್ಲಿ ಕೆಲವು ಹಿರಿಯರು ಓಟದ ಸ್ಪರ್ಧೆಯೇ ಹರಾಮ್ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಇದನ್ನು ನಾನು ಒಪ್ಪಲಾರೆ. ಪ್ರವಾದಿ ಮುಹಮ್ಮದ್(ಸ) ಸ್ವತಃ ಮದೀನಾದಲ್ಲಿ ಕುದುರೆ ಓಟವನ್ನು ಏರ್ಪಡಿಸಿದ್ದರು. ಓಟಕ್ಕಾಗಿ ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗೆ ಐದಾರು ಮೈಲಿ. ಹಾಗೆ ಪಳಗಿಸದವುಗಳಿಗೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗೆ ಸುಮಾರು ಒಂದು ಮೈಲಿ. ಅಬ್ದುಲ್ಲಾ ಇಬ್ನು ಉಮರ್(ರ) ಅವರೂ ಆ ಸ್ಪರ್ಧಿಗಳಲ್ಲಿದ್ದರು. ಶಕ್ತಿಗೆ ತಕ್ಕ ವಿಂಗಡಣೆ, ಗೊತ್ತುಪಡಿಸಿದ ಹಾದಿ, ಗೊತ್ತುಪಡಿಸಿದ ಗುರಿ. ಕ್ರಮಬದ್ಧವಾದ ಡ್ರ್ಯಾಗ್ ರೇಸ್ ಕೂಡ ಹೀಗೆಯೇ: ನಿಂತಲ್ಲಿಂದ ಹೊರಟು ನೇರ ಹಾದಿಯಲ್ಲಿ ಕಾಲು ಮೈಲಿ, ಅಂದರೆ 402 ಮೀಟರ್, ಎಂಜಿನ್ನಿನ ಗಾತ್ರಕ್ಕೆ ತಕ್ಕ ವರ್ಗ. ಬೆಂಗಳೂರಿನ ಜಕ್ಕೂರು ವಾಯುನೆಲೆಯಲ್ಲಿ ಇಂಥ ಸ್ಪರ್ಧೆಗಳು ನಡೆದದ್ದುಂಟು. ಟಯರಿನ ಹಿಡಿತ, ವಾಹನದ ತೂಕ, ಗೇರ್ ಬದಲಿಸುವ ಕೈಚಳಕ ಇವೇ ಅಲ್ಲಿ ಗೆಲುವನ್ನು ತೀರ್ಮಾನಿಸುತ್ತವೆ, ಮುಂಭಾಗದ ಲಾಂಛನವಲ್ಲ. (ಇಬ್ಬರೂ ಹಣ ಕಟ್ಟಿ ಗೆದ್ದವನು ಬಾಚಿಕೊಳ್ಳುವುದಾದರೆ ಅದು ಜೂಜು; ಅದರಲ್ಲಿ ಚರ್ಚೆಯೇ ಇಲ್ಲ.)

ಪ್ರವಾದಿವರ್ಯರ(ಸ) ಅದ್‌ಬಾ ಎಂಬ ಒಂಟೆಯನ್ನು ಯಾರೂ ಹಿಂದಿಕ್ಕಿರಲಿಲ್ಲ. ಒಮ್ಮೆ ಗ್ರಾಮೀಣ ಅರಬನೊಬ್ಬನ ಎಳೆಯ ಒಂಟೆ ಅದನ್ನು ಸೋಲಿಸಿತು. ಅನುಚರರಿಗೆ ಬಹಳ ಬೇಸರವಾಯಿತು. ಪ್ರವಾದಿಯವರು(ಸ) ಆ ಅರಬನ ಮೇಲೆ ಸಿಡುಕಲಿಲ್ಲ. ಲೋಕದಲ್ಲಿ ಮೇಲೇರಿದ ಯಾವುದನ್ನೂ ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲವೆಂದು ತಿಳಿಹೇಳಿದರು. ತಮ್ಮ ಒಂಟೆಯ ಸೋಲನ್ನೇ ಅವರು ಹೀಗೆ ಸ್ವೀಕರಿಸಿರುವಾಗ, ಕಂತು ಕಟ್ಟಿ ತಂದ ಕಾರಿನ ಸೋಲಿಗೆ ನಮ್ಮ ಮಕ್ಕಳಿಗೇಕೆ ಇಷ್ಟು ಅವಮಾನ?

ಇದು ಅಸಬಿಯ್ಯತ್, ಅಂದರೆ ಗುಂಪಿನ ಕುರುಡು ಪಕ್ಷಪಾತ. ಮುಹಾಜಿರ್ ಮತ್ತು ಅನ್ಸಾರ್ ಎಂಬ ಗೌರವದ ಹೆಸರುಗಳನ್ನೇ ಜಗಳದ ಕೂಗಾಗಿ ಬಳಸಿದಾಗ ಪ್ರವಾದಿ(ಸ) ಅದನ್ನು ನಾರುವ ವಸ್ತುವೆಂದು ತಿರಸ್ಕರಿಸಿದರು. ಅವು ಹಿಜ್ರತ್ ಮತ್ತು ನೆರವಿನಿಂದ ಗಳಿಸಿದ ಹೆಸರುಗಳಾಗಿದ್ದವು. ಇವು ಶೋರೂಮಿನಲ್ಲಿ ಕೊಂಡವು. ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮಾತು ಬಿಡಬಾರದೆಂಬ ಹದೀಸನ್ನು ಮದ್ರಸದ ಚಿಕ್ಕ ಮಕ್ಕಳೂ ಬಲ್ಲರು.

ಇನ್ನು ಪಂಥ ನಡೆಯುವ ಜಾಗದ ಮಾತು. ಹೊಸಕೋಟೆಯ ಬಳಿ ಆರಂಭವಾಗುವ ಚೆನ್ನೈ ಎಕ್ಸ್‌ಪ್ರೆಸ್‌ವೇ ನೇರವಾಗಿದೆ, ಅಗಲವಾಗಿದೆ. ಆದರೆ ಅದು ಓಟದ ಕಣವಲ್ಲ. ಅಲ್ಲಿ ಎದುರಾಗುವವನು ಪಂಥ ಒಪ್ಪಿದವನಲ್ಲ, ಮನೆ ಸೇರಲು ಹೊರಟ ದಾರಿಹೋಕ. ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ವಾಹನ ಓಟ ನಡೆಸಿದರೆ, ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆಮನೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಓಡಿಸಿದವನು ಅಪ್ರಾಪ್ತನಾದರೆ, 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆಮನೆ ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಕೀಲಿ ತೂಗುಹಾಕಿದ ಮೊಳೆ ನಮ್ಮ ಮನೆಯ ಗೋಡೆಯಲ್ಲೇ ಇದೆ. ಮಗನಿಗೆ ಓಡಿಸುವ ಹಂಬಲವಿದ್ದರೆ ಅನುಮತಿಯುಳ್ಳ ಸ್ಪರ್ಧೆಯನ್ನು ಹುಡುಕಿ, ತಂದೆಯೇ ಜೊತೆಯಲ್ಲಿ ಹೋಗಲಿ.